ಮರುದಿನ ಬೆಳಿಗ್ಗೆ ಕೇಳುವವರು ಯಾರು?

(ಉಪನ್ಯಾಸವೊಂದರ ಬರಹ ರೂಪ)



1962ರ ಏಪ್ರಿಲ್ 20, ಗುಡ್ ಫ್ರೈಡೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಹೊವರ್ಡ್ ಥರ್ಮನ್ ಎಂಬ ಹೆಸರಾಂತ ಧರ್ಮಗುರುಗಳು ಪ್ರವಚನ ನೀಡುತ್ತಿದ್ದರು. ಅದೇ ಕಟ್ಟಡದ ನೆಲಮಾಳಿಗೆಯ ಸಣ್ಣ ಪ್ರಾರ್ಥನಾ ಕೋಣೆಯಲ್ಲಿ ದೇವತಾಶಾಸ್ತ್ರದ ಇಪ್ಪತ್ತು ವಿದ್ಯಾರ್ಥಿಗಳು ಧ್ವನಿವರ್ಧಕದ ಮೂಲಕ ಆ ಪ್ರವಚನವನ್ನು ಆಲಿಸುತ್ತಿದ್ದರು. ಅವರಲ್ಲಿ ಹತ್ತು ಮಂದಿಗೆ ಸಿಲೊಸಿಬಿನ್ ಎಂಬ ಔಷಧವನ್ನು ಕೊಡಲಾಗಿತ್ತು. ಕೆಲವು ಜಾತಿಯ ಅಣಬೆಗಳಲ್ಲಿರುವ, ಮನಸ್ಸಿನ ಚಹರೆಯನ್ನೇ ಕೆಲವು ಗಂಟೆ ಬದಲಿಸಿಬಿಡುವ ದ್ರವ್ಯ ಅದು. ಉಳಿದ ಹತ್ತು ಮಂದಿಗೆ ಕೊಟ್ಟದ್ದು ಮೈ ಬಿಸಿಯೇರುವಂತೆ ಮಾಡುವ ನಿಕೋಟಿನಿಕ್ ಆಮ್ಲ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಪ್ರಯೋಗ ನಡೆಸಿದವರು ವಾಲ್ಟರ್ ಪಾಂಕೆ. ಅವರು ವೈದ್ಯರೂ ಹೌದು, ಧರ್ಮಶಾಸ್ತ್ರ ಓದಿದವರೂ ಹೌದು; ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪದವಿಗೆ ಸಂಶೋಧನೆ ಮಾಡುತ್ತಿದ್ದರು. ಸಂತರು ಹೇಳುವ ದಿವ್ಯಾನುಭವಕ್ಕೂ ಈ ಔಷಧದಿಂದ ಆಗುವ ಅನುಭವಕ್ಕೂ ಹೋಲಿಕೆ ಇದೆಯೇ ಎಂಬುದು ಅವರ ಪ್ರಶ್ನೆ. ಇದೆ ಎಂದೇ ಅವರ ಮಹಾಪ್ರಬಂಧ ತೀರ್ಮಾನಿಸಿತು. ಪ್ರಯೋಗ ಜಗತ್ಪ್ರಸಿದ್ಧವಾಯಿತು.

ಆದರೆ ಆ ಪ್ರಬಂಧದಲ್ಲಿ ಇಲ್ಲದ ಒಂದು ಸಂಗತಿ ಬಹಳ ವರ್ಷಗಳ ನಂತರ ಬೆಳಕಿಗೆ ಬಂತು. ರಿಕ್ ಡಾಬ್ಲಿನ್ ಎಂಬ ಸಂಶೋಧಕರು ಕಾಲು ಶತಮಾನದ ಬಳಿಕ ಆ ಇಪ್ಪತ್ತು ಮಂದಿಯನ್ನು ಹುಡುಕಿಕೊಂಡು ಹೊರಟು, ಹದಿನಾರು ಮಂದಿಯನ್ನು ಮಾತನಾಡಿಸಿ, 1991ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮಾತಿಗೆ ಸಿಕ್ಕವರಲ್ಲಿ ಸಿಲೊಸಿಬಿನ್ ಪಡೆದಿದ್ದವರು ಆ ದಿನ ತಮ್ಮ ಬದುಕಿಗೆ ಬೆಲೆಯುಳ್ಳದ್ದನ್ನು ಕೊಟ್ಟಿತೆಂದು ಇಷ್ಟು ವರ್ಷಗಳ ಮೇಲೂ ನೆನೆದರು. ಜೊತೆಗೆ, ಆ ದಿನ ಭಯಪಟ್ಟದ್ದನ್ನೂ ಒದ್ದಾಡಿದ್ದನ್ನೂ ಹೇಳಿದರು. ಇನ್ನೊಬ್ಬ ವಿದ್ಯಾರ್ಥಿಯ ಕಥೆ ಬೇರೆಯೇ ಆಗಿತ್ತು. ಅವನು ಅನುಭವದ ಭರದಲ್ಲಿ ಮಂದಿರದಿಂದ ಹೊರಗೆ ಬೀದಿಗೆ ನಡೆದುಬಿಟ್ಟಿದ್ದ. ಅವನನ್ನು ಹಿಡಿದು ಕರೆತಂದು, ಥೊರಜಿನ್ ಎಂಬ ಶಾಮಕ ಔಷಧವನ್ನು ಚುಚ್ಚಿ ಸುಮ್ಮನಾಗಿಸಲಾಗಿತ್ತು. ಪಾಂಕೆ ಅವರ ಪ್ರಬಂಧ ಈ ಚುಚ್ಚುಮದ್ದಿನ ವಿಷಯವನ್ನು ಹೇಳಿರಲಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ ವಿದ್ಯಾರ್ಥಿಗಳನ್ನು ಯಾರೂ ಏನೂ ಕೇಳಲಿಲ್ಲ ಎಂದೇನಲ್ಲ. ಅವರಿಂದ ಅನುಭವವನ್ನು ಬರೆಸಿಕೊಂಡರು, ಪ್ರಶ್ನಾವಳಿ ತುಂಬಿಸಿದರು, ಆರು ತಿಂಗಳಾದ ಮೇಲೆ ಇನ್ನೊಂದು ಪ್ರಶ್ನಾವಳಿ ಕೊಟ್ಟರು. ಆದರೆ ಅಂಕಗಳಿಗಾಗಿ ಕೇಳುವುದು ಬೇರೆ, ಕಂಡದ್ದನ್ನು ಹೊತ್ತುಕೊಂಡು ಕುಳಿತವನ ಭಾರ ಇಳಿಸಲು ಕೇಳುವುದು ಬೇರೆ. ಈ ಎರಡನೆಯ ಬಗೆಯ ಕೇಳುವಿಕೆಯೇ ಇಂದಿನ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆ 'ಇಂಟಿಗ್ರೇಷನ್' ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು 'ಮೈಗೂಡಿಸಿಕೊಳ್ಳುವುದು' ಎನ್ನಬಹುದು.

ಅನುಭವ ಮುಗಿದ ಮೇಲೆ ಉಳಿಯುವುದೇನು?

ಎಲ್‌ಎಸ್‌ಡಿ, ಸಿಲೊಸಿಬಿನ್, ಮೆಸ್ಕಲಿನ್ ಮೊದಲಾದ ದ್ರವ್ಯಗಳನ್ನು ಒಟ್ಟಾಗಿ ಸೈಕೆಡೆಲಿಕ್ ಎಂದು ಕರೆಯುತ್ತಾರೆ. ಗ್ರೀಕ್ ಮೂಲದಿಂದ ಕಟ್ಟಿದ ಈ ಪದದ ಅರ್ಥ 'ಮನಸ್ಸನ್ನು ತೆರೆದು ತೋರುವಂಥದ್ದು'. 1956ರಲ್ಲಿ ಇದನ್ನು ಟಂಕಿಸಿದವರು ಹಂಫ್ರಿ ಆಸ್ಮಂಡ್. ಇಂಗ್ಲೆಂಡಿನಿಂದ ಹೋಗಿ ಕೆನಡಾದ ವೇಬರ್ನ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯರು ಅವರು. ಈ ದ್ರವ್ಯಗಳು ಮೆದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಕೆಲಸ ಮಾಡುವ ಗ್ರಾಹಕಗಳಲ್ಲಿ ಒಂದು ಬಗೆಯನ್ನು ತಟ್ಟುತ್ತವೆ. ಸಿಲೊಸಿಬಿನ್‌ನ ಪರಿಣಾಮ ನಾಲ್ಕರಿಂದ ಆರು ಗಂಟೆ. ಎಲ್‌ಎಸ್‌ಡಿಯದು ಎಂಟರಿಂದ ಹನ್ನೆರಡು ಗಂಟೆ. ಔಷಧ ದೇಹದಿಂದ ಇಳಿದುಹೋಗುತ್ತದೆ. ಅದು ತೋರಿಸಿದ್ದು ಇಳಿದುಹೋಗುವುದಿಲ್ಲ.

ಉಳಿಯುವುದು ಮುಖ್ಯವಾಗಿ ಎರಡು. ಮೊದಲನೆಯದು, ಹಿಂದುಮುಂದಿಲ್ಲದ ಚಿತ್ರಗಳು, ಭಾವಗಳು. ಸತ್ತ ತಾಯಿಯ ಮುಖ, ಬಾಲ್ಯದ ಮನೆಯ ಬಾಗಿಲು, ತಾನೇ ಕರಗಿಹೋದಂತಹ ಭಯ ಅಥವಾ ಆನಂದ. ಎರಡನೆಯದು, ಒಂದು ಬಲವಾದ ಖಚಿತತೆ. ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1902ರಷ್ಟು ಹಿಂದೆಯೇ ಧಾರ್ಮಿಕ ಅನುಭವಗಳನ್ನು ವಿವೇಚಿಸುತ್ತ ಈ ಗುಣವನ್ನು ಗುರುತಿಸಿದ್ದರು. ಇಂಥ ಅನುಭವ ಕೇವಲ ಭಾವವಾಗಿ ಬರುವುದಿಲ್ಲ, ಅರಿವಾಗಿ ಬರುತ್ತದೆ. ಕಂಡವನಿಗೆ ಅದು ಪ್ರಶ್ನಾತೀತ ಸತ್ಯವೆನಿಸುತ್ತದೆ.

ತೊಡಕು ಇರುವುದು ಇಲ್ಲಿಯೇ. 'ಅಣ್ಣನ ಮೇಲಿನ ಸಿಟ್ಟನ್ನು ಬಿಡಬೇಕು' ಎಂಬುದೂ ಖಚಿತವಾಗಿ ಹೊಳೆಯಬಹುದು. 'ನಾಳೆಯೇ ನೌಕರಿ ಬಿಡಬೇಕು', 'ನಾನೇ ಅವತಾರ ಪುರುಷ' ಎಂಬುದೂ ಅಷ್ಟೇ ಖಚಿತವಾಗಿ ಹೊಳೆಯಬಹುದು. ಹೊಳೆದ ಕ್ಷಣದಲ್ಲಿ ಎರಡಕ್ಕೂ ತೂಕ ಒಂದೇ. ಯಾವುದು ಕಾಳು, ಯಾವುದು ಜೊಳ್ಳು ಎಂದು ತೂರಿ ನೋಡುವ ಕೆಲಸ ಆಮೇಲಿನದು. ಕನ್ನಡಕ್ಕೆ ಈ ವಿವೇಕ ಹೊಸದೇನಲ್ಲ. ನಮ್ಮ ಭಾಷೆಯಲ್ಲಿ 'ಅನುಭವ' ಎಂಬ ಪದವೂ ಇದೆ, 'ಅನುಭಾವ' ಎಂಬ ಪದವೂ ಇದೆ. ಮೊದಲನೆಯದು ಆಗುವಂಥದ್ದು. ಎರಡನೆಯದು ಬಾಳಿನಲ್ಲಿ ಮಾಗಿ ನಿಲ್ಲುವಂಥದ್ದು.

ಬೆಳಗಿನ ಊಟ

ಈ ಮಾಗಿಸುವ ಕೆಲಸವನ್ನು ಆಧುನಿಕ ವೈದ್ಯರು ಕಂಡುಹಿಡಿದರೆಂದು ತಿಳಿಯುವುದು ತಪ್ಪು. ಅಮೆರಿಕದ ಮೂಲನಿವಾಸಿಗಳ 'ನೇಟಿವ್ ಅಮೆರಿಕನ್ ಚರ್ಚ್' 1918ರಲ್ಲಿ ಒಕ್ಲಹೋಮಾ ರಾಜ್ಯದಲ್ಲಿ ಕಾನೂನುಬದ್ಧ ಸಂಸ್ಥೆಯಾಗಿ ನೋಂದಣಿಯಾಯಿತು. ಟೆಕ್ಸಾಸ್ ಮತ್ತು ಮೆಕ್ಸಿಕೊದ ಗಡಿಸೀಮೆಯಲ್ಲಿ ಬೆಳೆಯುವ ಪೆಯೋಟಿ ಎಂಬ ಮುಳ್ಳಿಲ್ಲದ ಪುಟ್ಟ ಕಳ್ಳಿ ಅವರಿಗೆ ಪವಿತ್ರ. ಮೆಸ್ಕಲಿನ್ ಇರುವುದು ಇದರಲ್ಲಿಯೇ. ಅವರ ಪೂಜೆ ಸಂಜೆ ಆರಂಭವಾಗಿ ರಾತ್ರಿಯಿಡೀ ನಡೆಯುತ್ತದೆ. ಡೇರೆಯ ನಡುವೆ ಬೆಂಕಿ, ಸುತ್ತಲೂ ಕುಳಿತ ಬಂಧುಬಳಗ, ಸರದಿಯಂತೆ ಹಾಡು, ನಗಾರಿಯ ದನಿ, ಹಾದಿ ತೋರಲು ಒಬ್ಬ ಹಿರಿಯ. ಯಾರದೋ ಕಾಯಿಲೆ, ಯಾರದೋ ಮಗುವಿನ ಶ್ರೇಯಸ್ಸು, ಯಾರದೋ ಕುಡಿತ, ಇಂಥ ಒಂದು ಉದ್ದೇಶಕ್ಕಾಗಿ ಕೂಟ ಸೇರಿರುತ್ತದೆ.

ಬೆಳಕು ಹರಿಯುವಾಗ ಒಬ್ಬ ಹೆಂಗಸು ನೀರು ತರುತ್ತಾಳೆ. ಆಮೇಲೆ ಜೋಳ, ಹಣ್ಣು, ಮಾಂಸದ ಬೆಳಗಿನ ಊಟ. ಪೂಜೆ ಮುಗಿದ ಮೇಲೂ ಜನ ಎದ್ದು ಓಡುವುದಿಲ್ಲ. ಒಟ್ಟಿಗೆ ಉಣ್ಣುತ್ತಾರೆ, ಮಾತನಾಡುತ್ತಾರೆ. ರಾತ್ರಿ ಅತ್ತವನು ಬೆಳಿಗ್ಗೆ ಒಂಟಿಯಲ್ಲ. ಅವನು ಅತ್ತದ್ದನ್ನು ಕಂಡವರು ಪಕ್ಕದಲ್ಲಿಯೇ ಇದ್ದಾರೆ. ಮುಂದಿನ ತಿಂಗಳೂ ಇರುತ್ತಾರೆ. ಆಸ್ಮಂಡ್ ಮತ್ತು ಅವರ ಸಹೋದ್ಯೋಗಿಗಳು 1956ರ ಅಕ್ಟೋಬರ್‌ನಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಇಂಥ ಕೂಟವೊಂದಕ್ಕೆ ಹೋಗಿದ್ದರು. ಆಸ್ಮಂಡ್ ತಾವೂ ಪೆಯೋಟಿ ಸೇವಿಸಿ ರಾತ್ರಿಯಿಡೀ ಕುಳಿತರು. ಆಸ್ಪತ್ರೆಯ ಕೋಣೆಯಲ್ಲಿ ವೈದ್ಯರು ಕಟ್ಟಲು ಹೆಣಗುತ್ತಿದ್ದ ವ್ಯವಸ್ಥೆ ಅಲ್ಲಿ ಸಂಪ್ರದಾಯವಾಗಿ ನಿಂತಿತ್ತು.

ವ್ಯವಸ್ಥೆಯನ್ನು ಬಿಟ್ಟು ದ್ರವ್ಯವನ್ನಷ್ಟೇ ಎತ್ತಿಕೊಂಡು ಹೋದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೊದಲ್ಲಿ ನಿದರ್ಶನವಿದೆ. ಓಹಾಕಾ ಪ್ರಾಂತ್ಯದ ಬೆಟ್ಟಗಳ ನಡುವಿನ ಹುವಾಟ್ಲಾ ಎಂಬ ಊರಿನಲ್ಲಿ ಮಾರಿಯಾ ಸಬೀನಾ ಎಂಬ ಮಾಸಾಟೆಕ್ ಜನಾಂಗದ ಮದ್ದುಗಾತಿ ಇದ್ದರು. ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಅವರು ರಾತ್ರಿ ಹೊತ್ತು ಪವಿತ್ರ ಅಣಬೆಗಳನ್ನಿಟ್ಟು ಹಾಡಿ, ಕಾಯಿಲೆಯ ಕಾರಣ ಹುಡುಕುತ್ತಿದ್ದರು. 1955ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕ್ ಅಧಿಕಾರಿ ಆ ರಾತ್ರಿಪೂಜೆಯಲ್ಲಿ ಪಾಲ್ಗೊಂಡು, 1957ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಪರದೇಶದ ಯುವಜನರು ಹುವಾಟ್ಲಾಕ್ಕೆ ಸಾಲುಗಟ್ಟಿದರು. ಅವರಿಗೆ ಕಾಯಿಲೆ ಇರಲಿಲ್ಲ, ಕೇಳಬೇಕಾದ ಪ್ರಶ್ನೆಯೂ ಇರಲಿಲ್ಲ, ಮರುದಿನ ಉಳಿಯುವ ವ್ಯವಧಾನವೂ ಇರಲಿಲ್ಲ. ಊರಿನ ನೆಮ್ಮದಿ ಕೆಟ್ಟಿತು, ಪೊಲೀಸರು ಬಂದರು, ಮಾರಿಯಾ ಸಬೀನಾ ಅವರ ಮನೆ ಸುಟ್ಟುಹೋಯಿತು. ಅವರು 1985ರಲ್ಲಿ ತೀರಿಕೊಂಡರು. ಅಣಬೆ ಜಗತ್ತೆಲ್ಲ ಸುತ್ತಿತು. ಅದರ ಜೊತೆಗಿದ್ದ ಊರು ಮಾತ್ರ ಹಿಂದೆಯೇ ಉಳಿಯಿತು.

ಆಸ್ಪತ್ರೆಗಳಲ್ಲಿ ನಡೆದದ್ದು

ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1943ರ ಏಪ್ರಿಲ್ 19ರಂದು ಎಲ್‌ಎಸ್‌ಡಿಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಕಥೆ ಪ್ರಸಿದ್ಧ. ಸೈಕಲ್ ಮೇಲೆ ಮನೆಗೆ ಹೋಗುವಾಗ ಲೋಕವೆಲ್ಲ ಬಾಗಿ ಬಳುಕಿದ್ದನ್ನು ಎಲ್ಲರೂ ಹೇಳುತ್ತಾರೆ. ಅವರ ಜೊತೆ ಪ್ರಯೋಗಾಲಯದ ಸಹಾಯಕಿ ಬಂದಿದ್ದರು, ಮನೆಗೆ ವೈದ್ಯರನ್ನು ಕರೆಸಲಾಗಿತ್ತು, ಊರಿಗೆ ಹೋಗಿದ್ದ ಹೆಂಡತಿ ಸುದ್ದಿ ತಿಳಿದು ಅದೇ ರಾತ್ರಿ ಮರಳಿ ಬಂದರು ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ತನಗೆ ಹುಚ್ಚು ಹಿಡಿಯಿತೆಂದು ಹೆದರಿದ್ದ ಆ ಮನುಷ್ಯ ಮರುದಿನ ಬೆಳಿಗ್ಗೆ ಲವಲವಿಕೆಯಿಂದ ಎದ್ದರು. ಸುತ್ತ ಜನರಿದ್ದರು ಎಂಬುದೂ ಆ ಕಥೆಯ ಭಾಗವೇ.

1952ರ ನಂತರ ಇಂಗ್ಲೆಂಡಿನ ಪೊವಿಕ್ ಆಸ್ಪತ್ರೆಯಲ್ಲಿ ರೊನಾಲ್ಡ್ ಸ್ಯಾಂಡಿಸನ್ ಎಂಬ ಮನೋವೈದ್ಯರು ಎಲ್‌ಎಸ್‌ಡಿಯನ್ನು ಮಾತಿನ ಚಿಕಿತ್ಸೆಯ ಜೊತೆಗೂಡಿಸಿದರು. 1955ರಲ್ಲಿ ಅದಕ್ಕೆಂದೇ ಪ್ರತ್ಯೇಕ ಘಟಕ ಬಂತು. ರೋಗಿಗಳು ಕಂಡದ್ದರ ಬಗ್ಗೆ ಒಟ್ಟಿಗೆ ಕುಳಿತು ಮಾತನಾಡುವ ಪದ್ಧತಿಯೂ ಅಲ್ಲಿತ್ತು. ಹಲವರಿಗೆ ಗುಣ ಕಂಡಿತೆಂದು ವರದಿಗಳಾದವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಚಿಕಿತ್ಸೆಯಿಂದ ತಮಗೆ ದೀರ್ಘಕಾಲದ ಹಾನಿಯಾಯಿತೆಂದು ಹಳೆಯ ರೋಗಿಗಳು ಮುಂದೆ ದಾವೆ ಹೂಡಿದರು. 2002ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 43 ಮಂದಿಗೆ ಒಟ್ಟು 1,95,000 ಪೌಂಡ್ ಕೊಟ್ಟು ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡಿತು. ಆಸ್ಪತ್ರೆಯಿಂದ ಮನೆಗೆ ಹೋದವರ ದಶಕಗಳ ಬದುಕು ಚಿಕಿತ್ಸೆಯ ದಾಖಲೆಗಳಲ್ಲಿ ಬರುವುದಿಲ್ಲ. 'ಆಮೇಲೆ' ಎಂಬುದು ಒಂದು ಸಂಜೆಯ ಮಾತುಕತೆಯಷ್ಟೇ ಅಲ್ಲ ಎಂಬ ಪಾಠ ಇಲ್ಲಿದೆ.

ಅಷ್ಟರಲ್ಲಿ ಈ ದ್ರವ್ಯಗಳು ಆಸ್ಪತ್ರೆ ದಾಟಿ ಬೀದಿಗೆ ಬಂದಿದ್ದವು. ಅಮೆರಿಕ 1970ರಲ್ಲಿ ಕಾನೂನು ಮಾಡಿ ನಿಷೇಧಿಸಿತು. 1971ರ ವಿಶ್ವಸಂಸ್ಥೆಯ ಒಪ್ಪಂದ ಈ ನಿರ್ಬಂಧವನ್ನು ಜಗತ್ತಿಗೇ ವಿಸ್ತರಿಸಿತು. ನಿಷೇಧಕ್ಕೆ ಕಾರಣಗಳಿದ್ದವು. ಆದರೆ ಅದರಿಂದ ಯಾರೂ ಎಣಿಸದ ಒಂದು ಪರಿಣಾಮವಾಯಿತು. ಕಂಡವರು ಹೇಳಿಕೊಳ್ಳುವ ಜಾಗ ಇಲ್ಲವಾಯಿತು. ಹೇಳಿಕೊಳ್ಳುವುದೇ ತಪ್ಪೊಪ್ಪಿಗೆಯಾಯಿತು. ವೈದ್ಯರ ಬಳಿ ಹೋದರೆ ರೋಗದ ಹಣೆಪಟ್ಟಿ, ಪೊಲೀಸರ ಕಿವಿಗೆ ಬಿದ್ದರೆ ಮೊಕದ್ದಮೆ, ಮನೆಯಲ್ಲಿ ಹೇಳಿದರೆ ಅವಮಾನ. ಬಹುಮಂದಿ ಸುಮ್ಮನಾದರು.

ಆ ಮೌನವನ್ನು ಮುರಿಯುವ ಪ್ರಯತ್ನಗಳೂ ನಡೆದವು. ಪ್ರಾಗ್ ನಗರದಲ್ಲಿ ಎಲ್‌ಎಸ್‌ಡಿ ಚಿಕಿತ್ಸೆ ನಡೆಸಿ 1967ರಲ್ಲಿ ಅಮೆರಿಕಕ್ಕೆ ಬಂದ ಸ್ಟಾನಿಸ್ಲಾವ್ ಗ್ರಾಫ್ ಮತ್ತು ಅವರ ಪತ್ನಿ ಕ್ರಿಸ್ಟೀನಾ, ಆಧ್ಯಾತ್ಮಿಕ ಅನುಭವವೇ ಬಿಕ್ಕಟ್ಟಾಗಿ ಬರಬಹುದು, ಅದೆಲ್ಲವೂ ಹುಚ್ಚಲ್ಲ ಎಂದು ವಾದಿಸಿದರು. ಅಂಥವರಿಗೆ ನೆರವಾಗಲು 1980ರಲ್ಲಿ ಕ್ರಿಸ್ಟೀನಾ ಒಂದು ಸಹಾಯ ಜಾಲವನ್ನು ಆರಂಭಿಸಿದರು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗ ವರ್ಗೀಕರಣ ಕೈಪಿಡಿಯ ನಾಲ್ಕನೆಯ ಆವೃತ್ತಿಯಲ್ಲಿ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಎಂಬುದನ್ನು ರೋಗವಲ್ಲದ, ಆದರೆ ಗಮನ ಬೇಡುವ ಸ್ಥಿತಿಯಾಗಿ ಸೇರಿಸಿತು. ಸಣ್ಣ ಸೇರ್ಪಡೆ. ಆದರೆ ರೋಗಿಯೆನಿಸಿಕೊಳ್ಳದೆ ಹೇಳಿಕೊಳ್ಳಲು ಅದು ಒಂದು ಕಿಂಡಿ ತೆರೆಯಿತು.

ಕೇಳುವವರ ಕೆಲಸ

2000ದ ನಂತರ ಸಂಶೋಧನೆ ಮರುಹುಟ್ಟು ಪಡೆಯಿತು. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ರೊಲಾಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಿಲೊಸಿಬಿನ್ ಅಧ್ಯಯನ ಇದಕ್ಕೆ ದಾರಿ ಮಾಡಿತು. ಹೊಸ ಪ್ರಯೋಗಗಳಲ್ಲಿ ಮೂರು ಮೆಟ್ಟಿಲು: ಮೊದಲು ಸಿದ್ಧತೆ, ನಡುವೆ ಔಷಧದ ದಿನ, ಕೊನೆಗೆ ಮೈಗೂಡಿಸಿಕೊಳ್ಳುವ ಮಾತುಕತೆ. ಆಘಾತದ ನೆನಪಿನಿಂದ ನರಳುವವರಿಗೆ ಎಂಡಿಎಂಎ ಎಂಬ ಔಷಧ ಕೊಟ್ಟ ಪ್ರಯೋಗಗಳ ಲೆಕ್ಕ ನೋಡಿ. ಅದು ಅಭಿಜಾತ ಸೈಕೆಡೆಲಿಕ್ ಅಲ್ಲದಿದ್ದರೂ ಚಿಕಿತ್ಸೆಯ ಕ್ರಮ ಇದೇ. ಔಷಧದ ದಿನಗಳು ಮೂರು. ಆಮೇಲಿನ ಬೈಠಕ್‌ಗಳು ಒಂಬತ್ತು, ಒಂದೊಂದೂ ಒಂದೂವರೆ ಗಂಟೆ.

ಆ ಬೈಠಕ್‌ನಲ್ಲಿ ಏನು ನಡೆಯುತ್ತದೆ? ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಐವತ್ತು ವರ್ಷದ ಗೃಹಸ್ಥನೊಬ್ಬ ತೀರಿಹೋದ ತಂದೆಯನ್ನು ಕಂಡ. ತಂದೆ ಬೆನ್ನು ಮಾಡಿ ನಿಂತಿದ್ದರು, ತಿರುಗಲಿಲ್ಲ. ಅವನು ನಡುಗಿಹೋದ. ಒಳ್ಳೆಯ ಚಿಕಿತ್ಸಕ ಇದಕ್ಕೆ ಅರ್ಥ ಹೇಳುವುದಿಲ್ಲ. 'ಆಗ ಎಲ್ಲಿ ನಿಂತಿದ್ದಿರಿ? ಮೈಯಲ್ಲಿ ಏನಾಯಿತು?' ಎಂದು ಕೇಳುತ್ತಾನೆ. ಅನುಭವವನ್ನು ಅದೇ ದಿನ ಬರೆದಿಡಲು, ಬರೆಯಲಾಗದಿದ್ದರೆ ಚಿತ್ರ ಬಿಡಿಸಲು ಹೇಳುತ್ತಾನೆ. ಎರಡನೆಯ ವಾರ ಆ ಗೃಹಸ್ಥನಿಗೆ ಬೇರೊಂದು ನೆನಪು ಬರುತ್ತದೆ: ತಂದೆ ಆಸ್ಪತ್ರೆಯಲ್ಲಿದ್ದಾಗ ತಾನು ಹೋಗದೆ ಉಳಿದದ್ದು. ಮೂರನೆಯ ವಾರ ಅವನು ಆಗ ಹಗಲಿರುಳು ತಂದೆಯ ಶುಶ್ರೂಷೆ ಮಾಡಿದ್ದ, ತಾನು ಮಾತು ಬಿಟ್ಟಿರುವ ತಂಗಿಗೆ ಕಾಗದ ಬರೆಯುತ್ತಾನೆ. ತಂದೆ ತಿರುಗಿದರೋ ಇಲ್ಲವೋ, ಮನೆಯಲ್ಲಿ ಒಂದು ಬಾಗಿಲು ತೆರೆಯಿತು. ಕಂಡದ್ದು ಬದುಕಿಗೆ ಇಳಿಯುವುದು ಹೀಗೆ, ಸಣ್ಣ ಸಣ್ಣ ಕೆಲಸಗಳ ಮೂಲಕ. ದೊಡ್ಡ ನಿರ್ಧಾರಗಳನ್ನು ಕೆಲವು ವಾರ ಮುಂದೂಡಿ ಎಂದು ಅನುಭವಸ್ಥರು ಹೇಳುವುದೂ ಇದಕ್ಕಾಗಿಯೇ.

ಕಷ್ಟದ ಅನುಭವಗಳ ಬಗ್ಗೆಯೂ ಒಂದು ಸಮೀಕ್ಷೆ ಇದೆ. ಅಣಬೆ ಸೇವಿಸಿ ತೀವ್ರ ತಳಮಳಕ್ಕೆ ಸಿಕ್ಕಿದ್ದ 1,993 ಮಂದಿಯನ್ನು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ವಿಚಾರಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಳಿನ ಅತ್ಯಂತ ಕಠಿಣ ಐದು ಅನುಭವಗಳಲ್ಲಿ ಅದೂ ಒಂದು ಎಂದವರು ನೂರಕ್ಕೆ 39. ಅದರಿಂದ ತಮಗೆ ಒಳಿತೇ ಆಯಿತು ಎಂದವರು ನೂರಕ್ಕೆ 84. ತಾವಾಗಿಯೇ ಮುಂದೆ ಬಂದು ಉತ್ತರಿಸಿದವರ ಲೆಕ್ಕವಿದು, ಎಲ್ಲರಿಗೂ ಅನ್ವಯಿಸದು. ಆದರೂ ಕಷ್ಟ ಮತ್ತು ಕೇಡು ಒಂದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಅದೇ ಸಮೀಕ್ಷೆಯಲ್ಲಿ ತಮಗೋ ಇತರರಿಗೋ ದೈಹಿಕ ಅಪಾಯ ತಂದೊಡ್ಡಿದೆವು ಎಂದವರು ನೂರಕ್ಕೆ 11 ಮಂದಿ ಇದ್ದರು ಎಂಬುದನ್ನೂ ಮರೆಯಬಾರದು. ವಂಶದಲ್ಲಿ ಚಿತ್ತವಿಕಲತೆಯ ಕಾಯಿಲೆ ಇರುವವರನ್ನು ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ನಿದ್ದೆ ಹೋಗಿ, ಅನುಮಾನ ಹತ್ತಿ, ಮಾತು ತಪ್ಪತೊಡಗಿದರೆ ಅದು ಹರಟೆಯಿಂದ ಸರಿಹೋಗುವ ವಿಷಯವಲ್ಲ, ಮನೋವೈದ್ಯರ ಕೆಲಸ.

ಕೇಳುವವನ ಕೈಯಲ್ಲಿರುವ ಅಧಿಕಾರವೂ ಸಣ್ಣದಲ್ಲ. ಇಂಥ ಅನುಭವದ ಹೊತ್ತಿನಲ್ಲಿ ಮತ್ತು ಅದರ ಬೆನ್ನಿಗೇ ಮನಸ್ಸು ಹಸಿ ಮಣ್ಣಿನಂತಿರುತ್ತದೆ; ಯಾರ ಬೆರಳಾದರೂ ಅದರಲ್ಲಿ ಮೂಡುತ್ತದೆ. ಆಗದಿದ್ದ ಘಟನೆಯನ್ನು ಆಗಿತ್ತೆಂದು ನಂಬಿಸಬಹುದು, ಶಿಷ್ಯರನ್ನು ಕಟ್ಟಿಕೊಳ್ಳಬಹುದು. ಕೆನಡಾದಲ್ಲಿ ನಡೆದ ಎಂಡಿಎಂಎ ಪ್ರಯೋಗವೊಂದರಲ್ಲಿ ಚಿಕಿತ್ಸಕರು ರೋಗಿಯೊಡನೆ ಮೇರೆ ಮೀರಿ ವರ್ತಿಸಿದ್ದನ್ನು ಪ್ರಯೋಗದ ಪ್ರಾಯೋಜಕ ಸಂಸ್ಥೆಯೇ 2019ರಲ್ಲಿ ಒಪ್ಪಿಕೊಂಡಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಂಡಿಎಂಎ ಚಿಕಿತ್ಸೆಗೆ ಅನುಮತಿ ನಿರಾಕರಿಸಿ ಇನ್ನೊಂದು ಪ್ರಯೋಗ ಬೇಕೆಂದಿತು. ಗುಣದಲ್ಲಿ ಔಷಧದ ಪಾಲೆಷ್ಟು, ಮಾತಿನ ಪಾಲೆಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಾನೂನುಗಳೂ ಒಂದೇ ದಾರಿ ಹಿಡಿದಿಲ್ಲ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಮಾತ್ರ ಸೀಮಿತ ಅನುಮತಿ ಕೊಟ್ಟಿತು. ಅಮೆರಿಕದ ಆರೆಗಾನ್ ರಾಜ್ಯ 2020ರ ಜನಮತದ ಮೂಲಕ ಸಿಲೊಸಿಬಿನ್ ಕೇಂದ್ರಗಳಿಗೆ ಒಪ್ಪಿಗೆ ನೀಡಿತು. 2023ರಲ್ಲಿ ಅವು ತೆರೆದವು. ಅಲ್ಲಿನ ನಿಯಮದಂತೆ ಮುಂಚಿನ ಸಿದ್ಧತೆ ಕಡ್ಡಾಯ. ಆಮೇಲಿನ ಮಾತುಕತೆ ಬಂದವರ ಇಚ್ಛೆಗೆ ಬಿಟ್ಟದ್ದು. ಯಾರನ್ನೂ ಬಲವಂತವಾಗಿ ಮಾತನಾಡಿಸಲಾಗದು, ನಿಜ. ಆದರೆ ಐಚ್ಛಿಕವೆಂದು ಬರೆದದ್ದು ಅವಸರದ ಕಾಲದಲ್ಲಿ ಬಹಳ ಬೇಗ ಅನಾವಶ್ಯಕವಾಗಿಬಿಡುತ್ತದೆ.

ನಮ್ಮಲ್ಲಿ

ಭಾರತದಲ್ಲಿ 1985ರ ಮಾದಕ ದ್ರವ್ಯಗಳ ಕಾಯಿದೆಯ ಅಡಿಯಲ್ಲಿ ಎಲ್‌ಎಸ್‌ಡಿ, ಸಿಲೊಸಿಬಿನ್ ಎರಡೂ ನಿಷಿದ್ಧ. ಶಿಕ್ಷೆ ಕಠಿಣ. ಆದರೂ ಬೆಂಗಳೂರಿನಂಥ ನಗರದಲ್ಲಿ ಇವುಗಳನ್ನು ಸೇವಿಸಿದ ಯುವಕ ಯುವತಿಯರೇ ಇಲ್ಲವೆಂದು ಕಣ್ಣು ಮುಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸೇವಿಸಿದ್ದು ತಪ್ಪೆಂದೇ ಇಟ್ಟುಕೊಳ್ಳೋಣ. ಮರುದಿನ ಆ ಹುಡುಗ ಹಾಸಿಗೆಯಿಂದ ಏಳದೆ ಗೋಡೆ ನೋಡುತ್ತ ಮಲಗಿದ್ದರೆ ತಾಯಿ ಏನು ಮಾಡಬೇಕು? ಬೈಯುವುದಕ್ಕೆ ಮುಂದೆ ಸಮಯವಿದೆ. ಮೊದಲು ಬೇಕಾದದ್ದು ಪಕ್ಕದಲ್ಲಿ ಕೂರುವುದು, ನೀರು ಕೊಡುವುದು, 'ಏನು ಕಂಡೆ, ಮಗಾ?' ಎಂದು ಕೇಳುವುದು. ಮನೆಯಲ್ಲಿ ಆಗದಿದ್ದರೆ ಹೊರಗೆ ದಾರಿ ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, 14416, ಇದಕ್ಕೆ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಹೇಳಿಕೊಂಡರೆ ಬಯಲಾಗುತ್ತದೆ ಎಂಬ ಹೆದರಿಕೆಯೇ ಬಹುಮಂದಿಯ ಬಾಯಿ ಕಟ್ಟುವುದರಿಂದ ಈ ಹಕ್ಕು ಜನರಿಗೆ ತಿಳಿದಿರಬೇಕು.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದಕ್ಕೆ ಪ್ರಶ್ನಿಸು ಎಂಬ ಅರ್ಥವೂ ಇದೆ, ಆಲಿಸು ಎಂಬ ಅರ್ಥವೂ ಇದೆ. ಮಾರ್ಷ್ ಚಾಪೆಲ್‌ನ ವಿದ್ಯಾರ್ಥಿಗಳಿಗೆ ಮೊದಲನೆಯದು ಧಾರಾಳವಾಗಿ ಸಿಕ್ಕಿತ್ತು. ಬೀದಿಗೆ ನಡೆದುಹೋದ ಆ ಹುಡುಗ ಯಾವ ಮಾತನ್ನು ಯಾರಿಗೆ ಹೇಳಲು ಹೊರಟಿದ್ದನೋ ಅದಕ್ಕೆ ಪ್ರಬಂಧದಲ್ಲಿ ಜಾಗ ಸಿಗಲಿಲ್ಲ. ಆ ಪುಟ ಇಂದಿಗೂ ಖಾಲಿಯೇ ಇದೆ. ಈ ಔಷಧಗಳು ಮುಂದೆ ಯಾವ ದೇಶದಲ್ಲಿ ಯಾವ ಕಾನೂನಿನ ಅಡಿಯಲ್ಲಿ ಬಂದರೂ ಎಷ್ಟು ಮಿಲಿಗ್ರಾಂ ಕೊಡಬೇಕು ಎಂಬ ಪ್ರಶ್ನೆಯ ಪಕ್ಕದಲ್ಲಿಯೇ ಇನ್ನೊಂದು ಪ್ರಶ್ನೆಯನ್ನೂ ಬರೆದಿಡಬೇಕು: ಮರುದಿನ ಬೆಳಿಗ್ಗೆ ಕೇಳುವವರು ಯಾರು?